ಹೊಸ ಗಣಕಯಂತ್ರ, ಹಳೆಯ ಲೆಕ್ಕ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅಂಗಡಿಯ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಬರೆಯುವ ಸಣ್ಣ ವರ್ತಕರು ಈ ಕಾರಣದಿಂದ ಹೊಸ ಗಣಕಯಂತ್ರ ಕೊಂಡಾಗ ಎದುರಾಗುವ ಮೊದಲ ತೊಡಕೆಂದರೆ, ಊರಿನ ಪ್ರೋಗ್ರಾಮರ್ ಹಿಂದೆಂದೋ ಬರೆದುಕೊಟ್ಟ ಡಾಸ್ ಕಾಲದ ಲೆಕ್ಕದ ತಂತ್ರಾಂಶ ಅದರಲ್ಲಿ ತೆರೆದುಕೊಳ್ಳುವುದೇ ಇಲ್ಲ.

ಇದು ಅಂಗಡಿಯವನ ಮೋಸವಲ್ಲ. 32 ಬಿಟ್ ವಿಂಡೋಸ್‌ನಲ್ಲಿ ಡಾಸ್ ತಂತ್ರಾಂಶಗಳನ್ನು ನಡೆಸುವ ವ್ಯವಸ್ಥೆಯೊಂದು ಉಳಿದುಕೊಂಡಿತ್ತು. 64 ಬಿಟ್ ಆವೃತ್ತಿಗಳಲ್ಲಿ ಅದನ್ನು ಕೈಬಿಡಲಾಯಿತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಆದುದರಿಂದ ಹೊಂದಾಣಿಕೆಯ ಆಯ್ಕೆಗಳನ್ನು ಎಷ್ಟು ಬದಲಿಸಿದರೂ ಫಲವಿಲ್ಲ.

ಉಪಾಯಗಳು ಇಲ್ಲದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಡಾಸ್ ವಾತಾವರಣವನ್ನು ಅನುಕರಿಸುತ್ತದೆ. ಆದರೆ ಅದು ಮುಖ್ಯವಾಗಿ ಹಳೆಯ ಆಟಗಳಿಗಾಗಿ ರಚಿತವಾದದ್ದು; ಅದರ ಮೂಲ ಆವೃತ್ತಿಯಲ್ಲಿ ಮುದ್ರಣದ ಸೌಲಭ್ಯವಿಲ್ಲ. ಬಿಲ್ ಮುದ್ರಿಸದ ಲೆಕ್ಕದ ತಂತ್ರಾಂಶದಿಂದ ವರ್ತಕನಿಗೇನು ಪ್ರಯೋಜನ? ಹೊಸ ಯಂತ್ರದೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಕಾಲ್ಪನಿಕ ಯಂತ್ರವಾಗಿ ಸ್ಥಾಪಿಸುವುದು ಇನ್ನೊಂದು ದಾರಿ. ಅದಕ್ಕೆ ಸುರಕ್ಷತಾ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಅಂತರಜಾಲದ ಸಂಪರ್ಕ ಕೊಡಲೇಬಾರದು.

ಈ ದಾರಿಗಳು ಹಳೆಯ ಲೆಕ್ಕವನ್ನು ನೋಡಲು ಸಾಕು, ಹೊಸ ಲೆಕ್ಕ ಬರೆಯಲು ಸಲ್ಲವು. ಖಾಸಗಿ ನಿಯಮಿತ ಕಂಪನಿಗಳ ಮಟ್ಟಿಗಂತೂ ಇದು ಅಭಿಪ್ರಾಯದ ಮಾತಲ್ಲ. ನಮೂದುಗಳಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಡಾಸ್ ಕಾಲದ ತಂತ್ರಾಂಶಗಳಿಂದ ಇದನ್ನು ನಿರೀಕ್ಷಿಸಲಾಗದು. ಸ್ವಂತ ಮಾಲೀಕತ್ವದ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಹಳೆಯ ಲೆಕ್ಕವನ್ನು ಕಾಪಾಡುವ ಹೊಣೆ ಮಾತ್ರ ಎಲ್ಲರಿಗೂ ಉಂಟು. ಕಂಪನಿಗಳು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಇಡಬೇಕು. ಸರಕು ಮತ್ತು ಸೇವಾ ತೆರಿಗೆಗೆ ನೋಂದಾಯಿತರಾದವರು ವಾರ್ಷಿಕ ವಿವರಣಾ ಪತ್ರ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಡಬೇಕು. ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು. ಅಧಿಕಾರಿಯ ಮುಂದೆ "ಲೆಕ್ಕ ಇದೆ, ತೆರೆಯುತ್ತಿಲ್ಲ" ಎಂಬ ಉತ್ತರ ನಿಲ್ಲುವುದಿಲ್ಲ.

ಅದೃಷ್ಟವಶಾತ್ ಫಾಕ್ಸ್‌ಪ್ರೊದಲ್ಲಿ ರಚಿತವಾದ ತಂತ್ರಾಂಶಗಳ ಮಾಹಿತಿ ಸಾಮಾನ್ಯವಾಗಿ ಡಿಬಿಎಫ್ ಕಡತಗಳಲ್ಲಿ ಇರುತ್ತದೆ. ತಂತ್ರಾಂಶ ಓಡದಿದ್ದರೂ ಈ ಕಡತಗಳನ್ನು ಎಕ್ಸೆಲ್‌ನಲ್ಲಿ ಅಥವಾ ಉಚಿತವಾದ ಲಿಬ್ರೆಆಫೀಸ್‌ನಲ್ಲಿ ತೆರೆಯಬಹುದು. ಆದರೂ ಹಳೆಯ ಯಂತ್ರ ಇನ್ನೂ ಚಾಲನೆಯಲ್ಲಿರುವಾಗಲೇ ವರ್ಷವಾರು ರೋಜುಕೀರ್ದಿ, ಖಾತೆವಹಿ ಮತ್ತು ದಾಸ್ತಾನು ಪಟ್ಟಿಗಳನ್ನು ಹೊರತೆಗೆದು ಎರಡು ಕಡೆ ಇಡುವುದು ಲೇಸು. ವಿನಿಮಯದ ಕೊಡುಗೆಗೆ ಮನಸೋತು ಹಳೆಯ ಯಂತ್ರವನ್ನು ಹಾರ್ಡ್ ಡಿಸ್ಕ್ ಸಹಿತ ಒಪ್ಪಿಸಿಬಿಡುವ ಆತುರ ಬೇಡ. ಹೊರತೆಗೆದ ಖಾತೆಗಳ ಶಿಲ್ಕುಗಳು ಆಯಾ ವರ್ಷದ ಸಹಿಯಾದ ಅಢಾವೆ ಪತ್ರಿಕೆಯೊಡನೆ ತಾಳೆಯಾಗುವವರೆಗೆ ಅದು ಮನೆಯ ಮೂಲೆಯಲ್ಲೇ ಇರಲಿ.