ಬಿರುಗಾಳಿಗೆ ಗಡಿಯಿಲ್ಲ, ಪರಿಹಾರಕ್ಕೆ ಗಡುವಿಲ್ಲ

ಅರಬೀ ಸಮುದ್ರದಲ್ಲಿ ಏಳುವ ಚಂಡಮಾರುತವು ಮಂಗಳೂರು, ಕಾರವಾರಗಳ ಬೆಸ್ತರಿಗೆ ಮಾತ್ರ ಸಂಬಂಧಿಸಿದ ಸುದ್ದಿಯೆಂದು ಒಳನಾಡಿನ ಮಹಾಜನರಲ್ಲಿ ಅನೇಕರು ಭಾವಿಸಿರುವರು. ಈ ಭಾವನೆಯು ಸರಿಯಾದುದಲ್ಲ. 2023ನೆಯ ಇಸವಿಯ ಜೂನ್ ತಿಂಗಳಲ್ಲಿ ಆ ಸಮುದ್ರದಲ್ಲಿ ಹುಟ್ಟಿದ 'ಬಿಪರ್‌ಜಾಯ್' ಚಂಡಮಾರುತವು 15ನೆಯ ತಾರೀಖು ಗುಜರಾತದ ದಡವನ್ನು ಅಪ್ಪಳಿಸಿತು. ಅದು ನಮ್ಮ ಸೀಮೆಗೆ ಕಾಲಿಡಲಿಲ್ಲ. ಆದರೆ ಮುಂಗಾರಿನ ಓಟವನ್ನು ಕೆಡಿಸಿತು. ಜೂನ್ 1ರ ಹೊತ್ತಿಗೆ ಕೇರಳವನ್ನು ಮುಟ್ಟಬೇಕಾದ ಮಳೆಯು 8ಕ್ಕೆ ಮುಟ್ಟಿತು. ಮುಂದೆ ಎಲ್ ನಿನೋ ಎಂಬ ಸಾಗರದ ವೈಪರೀತ್ಯವೂ ಕೂಡಿ, ಆ ವರುಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಭರತಖಂಡವು ಕಂಡ ಅತ್ಯಂತ ಒಣ ಆಗಸ್ಟ್ ಆಯಿತು.

ಇದರ ಫಲವನ್ನು ಉಂಡವರು ಯಾರು? ಮಳೆಯನ್ನೇ ನೆಚ್ಚಿದ ಜಗಳೂರಿನ ಒಕ್ಕಲಿಗನು ಮೊದಲು ಉಂಡನು. ಭದ್ರಾ ಜಲಾಶಯವು ತುಂಬಲಿಲ್ಲವಾಗಿ, ನಾಲೆಯ ನೀರಿಗಾಗಿ ದಾವಣಗೆರೆ ಜಿಲ್ಲೆಯ ರೈತರು ಬೀದಿಗಿಳಿದರು. ಚನ್ನಗಿರಿಯ ತೋಟಗಾರರು ಮರುವರುಷದ ಬೇಸಗೆಯಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಅಡಿಕೆಗೆ ಹನಿಸಿದರು. ತುಂಗಭದ್ರೆಯ ಮಗ್ಗುಲಲ್ಲಿರುವ ಹೊನ್ನಾಳಿ, ನ್ಯಾಮತಿಗಳು ನೆರೆಯನ್ನು ಬಲ್ಲವು; ಬರವನ್ನೂ ಬಲ್ಲವಾದವು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು.

ಗಾಳಿಯನ್ನು ಕಟ್ಟಿಹಾಕುವದು ಯಾವ ಸರಕಾರದ ಕೈಯಲ್ಲಿಯೂ ಇಲ್ಲ. ಪರಿಹಾರವನ್ನು ಹೊತ್ತಿಗೆ ಕೊಡುವದು ಮಾತ್ರ ಸರಕಾರದ ಕೈಯಲ್ಲಿಯೇ ಇದೆ. ಕೇಂದ್ರದ ತಂಡವು 2023ರ ಅಕ್ಟೋಬರಿನಲ್ಲಿ ಬಂದು ಒಣಗಿದ ಹೊಲಗಳನ್ನು ನೋಡಿಹೋಯಿತು. ತಂಡದ ವರದಿ ಸೇರಿದ ಒಂದು ತಿಂಗಳೊಳಗೆ ತೀರ್ಮಾನವಾಗತಕ್ಕದ್ದೆಂದು ಬರನಿರ್ವಹಣೆಯ ಕೈಪಿಡಿಯೇ ಹೇಳುವದೆಂಬುದು ಕರ್ನಾಟಕದ ವಾದವಾಗಿತ್ತು. ತಿಂಗಳುಗಳು ಉರುಳಿದವು. 2024ರ ಮಾರ್ಚಿಯಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಲನ್ನೇರಿತು. ಏಪ್ರಿಲ್ ಕೊನೆಗೆ ಹಣ ಮಂಜೂರಾಯಿತು. ಕೇಳಿದ್ದು 18,171 ಕೋಟಿ. ದೊರೆತದ್ದು ಸುಮಾರು 3,454 ಕೋಟಿ ರೂಪಾಯಿ, ಐದರಲ್ಲೊಂದು ಪಾಲೂ ಅಲ್ಲ.

ಮನವಿಯೇ ತಡವಾಗಿ ಬಂದಿತೆಂದು ಕೇಂದ್ರದ ಗೃಹಮಂತ್ರಿಗಳು ಹೇಳಿದರು, ರಾಜ್ಯದವರು ಅಲ್ಲಗಳೆದರು. ಈ ವಾದವನ್ನು ಕ್ಷಣಕಾಲ ಒಪ್ಪಿದರೂ, ಅಕ್ಟೋಬರಿನಲ್ಲಿ ಕಂಡ ಸಂಕಟಕ್ಕೆ ಏಪ್ರಿಲಿನಲ್ಲಿ ಉತ್ತರ ಬಂದದ್ದಕ್ಕೆ ಅದು ಸಮಾಧಾನವಾಗಲಾರದು. ಬಿತ್ತನೆಯ ಕಾಲವು ಕಚೇರಿಯ ಕಡತಕ್ಕಾಗಿ ಕಾಯುವದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ ಪರಿಹಾರಕ್ಕೆ ದಿನದ ಗಡುವಿಲ್ಲ. ಗಡುವಿಲ್ಲದ ಹಕ್ಕು ಭಿಕ್ಷೆಗೆ ಸಮಾನವೆಂದು ನ್ಯಾಯಾಲಯಗಳ ಒಡನಾಟವುಳ್ಳ ನಾವು ಬಲ್ಲೆವು. ಜಗಳೂರಿಗೂ ನೀರುಣಿಸಬೇಕಾದ ಭದ್ರಾ ಮೇಲ್ದಂಡೆಗೆ 2023ರ ಫೆಬ್ರವರಿಯ ಕೇಂದ್ರ ಮುಂಗಡಪತ್ರವು ಸಾರಿದ 5,300 ಕೋಟಿಯ ಗತಿಯೂ ಹೀಗೆಯೇ. ಮರುವರುಷದ ಮಾರ್ಚಿ ಮುಗಿದರೂ ಅದರಲ್ಲಿ ಏನೂ ಬರಲಿಲ್ಲ.

ಹಿಂದೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳಲ್ಲಿ ಹಂಚಿಹೋದ ಕನ್ನಡಿಗನು ಬೇರೆ ಬೇರೆ ಬಾಗಿಲುಗಳಲ್ಲಿ ನಿಂತು ಅಹವಾಲು ಹೇಳಬೇಕಾಗಿತ್ತು. 1956ರ ನವೆಂಬರ್ 1ರಂದು ನಾಡು ಒಂದಾದುದು ನಕಾಶೆಯ ಅಂದಕ್ಕಾಗಿ ಅಲ್ಲ, ಒಂದೇ ಕೊರಳಿನಿಂದ ಮಾತನಾಡುವದಕ್ಕಾಗಿ. ಇಂದು ಲೋಕಸಭೆಯಲ್ಲಿ ನಮ್ಮ ಪ್ರತಿನಿಧಿಗಳು 28 ಜನ. ಬರದ ಮಾತು ಬಂದಾಗ ಇವರು ಪಕ್ಷಕ್ಕೊಂದು ನಾಲಗೆಯಾಗುವದು ಏಕೀಕರಣಕ್ಕೆ ಮಾಡಿದ ಅಪಚಾರವೇ ಸರಿ. ಪರಿಹಾರಕ್ಕೆ ಕಾಯಿದೆಯಲ್ಲಿಯೇ ಗಡುವು ಬೇಕೆಂದು 28 ಜನರೂ ಕೂಡಿ ಕೇಳಲಿ. ಮತ ಬೇಡಲು ಬರುವ ಪ್ರತಿಯೊಬ್ಬನನ್ನೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮತದಾರರು ಈ ಒಂದು ಪ್ರಶ್ನೆಯನ್ನು ಕೇಳಿಯೇ ಒಳಗೆ ಬಿಡಲಿ.