ಬಾಗಿಲು ತೆರೆಯದಿದ್ದರೆ ಗೋಡೆಯನ್ನು ಕೆಡಹಬೇಡಿ

ಸೊರಬ, ಶಿಕಾರಿಪುರ ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಿಗೂ ಈಗ ಇಂಟರ್ನೆಟ್ಟು ಬಂದಿರುವುದಷ್ಟೆ. ಮಕ್ಕಳು ಬೆಂಗಳೂರಿನಲ್ಲಿ, ವೃದ್ಧರಾದ ತಾಯಿತಂದೆಗಳು ಊರಿನಲ್ಲಿ; ಎಷ್ಟೋ ಮನೆಗಳಲ್ಲಿ ನಡುವಣ ಸೇತುವೆ ಈ ತಂತಿಯೇ. ಅದು ಮುಗ್ಗರಿಸಿದೊಡನೆ, "ಫೈರ್‌ವಾಲನ್ನು ತೆಗೆದುಬಿಡಿ, ಸರಿಹೋಗುತ್ತದೆ" ಎಂದು ಉಪದೇಶಿಸುವವರುಂಟು. ಪಿಂಚಣಿಯ ಲೆಕ್ಕವೂ ಬ್ಯಾಂಕಿನ ವ್ಯವಹಾರವೂ ಅದೇ ತಂತಿಯ ಮೇಲೆ ನಡೆಯುತ್ತಿರುವಾಗ ಈ ಉಪದೇಶವು ಅಪಾಯಕರವಾದುದು.

ನಮ್ಮ ದೇಶದಲ್ಲಿ 1995ನೆಯ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತಾಗ, ಟೆಲಿಫೋನಿನಿಂದ ಡಯಲ್ ಮಾಡಿ, ಹೆಸರನ್ನೂ ಪಾಸ್‌ವರ್ಡನ್ನೂ ಒಪ್ಪಿಸಿ ಒಳಹೋಗಬೇಕಾಗಿದ್ದಿತು. ಬ್ರಾಡ್‌ಬ್ಯಾಂಡು ಬಂದ ಮೇಲೂ ಹಲವೆಡೆ ಆ ಪದ್ಧತಿಯೇ ಪಿಪಿಪಿಒಇ ಎಂಬ ಹೆಸರಿನಿಂದ ಉಳಿದಿದೆ. ಆ ಕೆಲಸವನ್ನು ಈಗ ರೂಟರು ಮಾಡುತ್ತದೆ. ಹಳೆಯ ಕ್ರಮದ ವಿಳಾಸಗಳು ಲೋಕಕ್ಕೆಲ್ಲ ಸುಮಾರು 429 ಕೋಟಿ ಮಾತ್ರ. ಅವು ಸಾಲವು. ಆದಕಾರಣ ರೂಟರು ಮನೆಯ ಯಂತ್ರಗಳಿಗೆ ಒಳವಿಳಾಸಗಳನ್ನು ಕೊಟ್ಟು, ಹೊರಗೆ ಒಂದೇ ವಿಳಾಸದಿಂದ ವ್ಯವಹರಿಸುತ್ತದೆ. ಅವಿಭಕ್ತ ಕುಟುಂಬಕ್ಕೆ ಬಂದ ಕಾಗದಗಳನ್ನು ಯಜಮಾನನು ಅವರವರಿಗೆ ಹಂಚುವಂತೆ. ಇದೇ ವಿಳಾಸ ಪರಿವರ್ತನೆ. ಕರೆಯದೆ ಬಂದವನನ್ನು ಬಾಗಿಲಲ್ಲಿ ತಡೆಯುವುದು ಫೈರ್‌ವಾಲಿನ ಕೆಲಸ.

ಇನ್ನು ಪರೀಕ್ಷೆಯ ಕ್ರಮ. ಮೊದಲು ರೂಟರಿನ ಪುಟದಲ್ಲಿ ಹೊರವಿಳಾಸ ಬಂದಿದೆಯೇ ಎಂದು ನೋಡತಕ್ಕದ್ದು. ಬಾರದಿದ್ದರೆ ದೋಷವು ಪ್ರಾಯಶಃ ತಂತಿಯಲ್ಲಿಯೋ ಹೆಸರು ಪಾಸ್‌ವರ್ಡುಗಳಲ್ಲಿಯೋ ಇರುವುದು, ಫೈರ್‌ವಾಲು ನಿರಪರಾಧಿ.

ಎರಡನೆಯದಾಗಿ, ಕೆಲವು ಪುಟಗಳು ತೆರೆದು ಕೆಲವು ಅರ್ಧದಲ್ಲಿಯೇ ನಿಂತರೆ ಕಂತೆಯ ಗಾತ್ರವನ್ನು ವಿಚಾರಿಸಬೇಕು. ಸಾಮಾನ್ಯವಾದ ಕಂತೆ 1500 ಬೈಟು. ಪಿಪಿಪಿಒಇ ತನ್ನ ಲಕ್ಕೋಟೆಗೆ 8 ಬೈಟು ಹಿಡಿಯುವುದರಿಂದ ಉಳಿಯುವುದು 1492. "ಕಂತೆ ದೊಡ್ಡದಾಯಿತು" ಎಂಬ ಸೂಚನೆಯನ್ನು ಫೈರ್‌ವಾಲು ತಡೆದರೆ ಕಳುಹಿಸಿದವನಿಗೆ ಸಂಗತಿಯೇ ತಿಳಿಯದು. ರೂಟರಿನಲ್ಲಿ ಎಂಟಿಯು ಎಂಬೆಡೆ 1492 ಎಂದು ಬರೆದು, ಆ ಸೂಚನೆಯೊಂದಕ್ಕೆ ದಾರಿಬಿಟ್ಟರೆ ಸಾಮಾನ್ಯವಾಗಿ ಸರಿಹೋಗುವುದು.

ಮೂರನೆಯದಾಗಿ, ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾ ಮನೆಯಲ್ಲಿ ಕಂಡರೂ ಬೆಂಗಳೂರಿನ ಮಗನಿಗೆ ಕಾಣದಿದ್ದರೆ, ಮತ್ತೆ ಹೊರವಿಳಾಸವನ್ನು ನೋಡಿರಿ. ಅದು 100.64ರಿಂದ 100.127ರೊಳಗಿನ ಅಂಕೆಗಳಿಂದ ಆರಂಭವಾಗಿದ್ದರೆ, ಸಂಪರ್ಕ ಕೊಡುವ ಕಂಪನಿಯು ಹಲವು ಮನೆಗಳನ್ನು ಕೂಡಿಸಿ ಮತ್ತೊಮ್ಮೆ ವಿಳಾಸವನ್ನು ಪರಿವರ್ತಿಸುತ್ತಿದೆಯೆಂದು ತಿಳಿಯಬಹುದು. 2012ರಲ್ಲಿ ಆ ಅಂಕೆಗಳನ್ನು ಇದಕ್ಕಾಗಿಯೇ ಕಾದಿರಿಸಲಾಯಿತು. ಆಗ ನಮ್ಮ ಗೋಡೆಯನ್ನೆಲ್ಲ ಕೆಡಹಿದರೂ ಮಗನ ಕರೆ ಒಳಬಾರದು. ಮುಚ್ಚಿರುವುದು ಬೀದಿಯ ಹೆಬ್ಬಾಗಿಲು. ಕಂಪನಿಯಿಂದ ಸ್ವಂತ ಸ್ಥಿರವಿಳಾಸವನ್ನು ಕೇಳಬೇಕು. ಅದು ದೊರೆತ ಮೇಲೆ ಕ್ಯಾಮೆರಾಕ್ಕೆ ಬೇಕಾದ ಒಂದು ಪೋರ್ಟನ್ನು ಮಾತ್ರ ತೆರೆದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ತಪ್ಪದೆ ಬದಲಿಸತಕ್ಕದ್ದು.

ನಿದಾನವನ್ನರಿಯದ ಚಿಕಿತ್ಸೆ ರೋಗಕ್ಕಿಂತಲೂ ಕೆಟ್ಟದ್ದು. ಪರೀಕ್ಷೆಗಾಗಿ ಕ್ಷಣಕಾಲ ಫೈರ್‌ವಾಲನ್ನು ನಿಲ್ಲಿಸಬೇಕಾಗಿ ಬಂದರೂ, ಅದನ್ನು ಪುನಃ ನಿಯಮಿಸಿದ ಹೊರತು ಗೃಹಸ್ಥನು ಆಸನದಿಂದ ಏಳಬಾರದು.