ಅಮೆರಿಕೆಯ ಹಳೆಯ ಹೋಟೆಲುಗಳಲ್ಲಿ ಯಾರ ಹೆಸರಿದೆ?

ಮಿಲ್ಲುಗಳಿದ್ದ ಕಾಲದಲ್ಲಿ ಮಗ್ಗದ ಮುಂದೆ ನಿಂತು, ಹೋಟೆಲಿನಲ್ಲಿ ಹಗಲಿರುಳು ಟ್ರೇ ಹೊತ್ತು ಮಕ್ಕಳನ್ನು ಓದಿಸಿದ ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರು ಈಗ ಅಮೆರಿಕೆಗೆ ಹೋಗಿ ಬರುತ್ತಿದ್ದಾರೆ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಆರು ತಿಂಗಳಿಗೆ ಕರೆಸಿಕೊಳ್ಳುತ್ತಾರೆ. ಸಂತೋಷದ ಮಾತು. ಹಾಗೆ ಹೋದವರಿಗೆ ನಯಾಗರ ಜಲಪಾತವನ್ನು ತೋರಿಸುತ್ತಾರೆ. ಜೊತೆಗೆ, "ಅಪ್ಪ, ನೀವು ಹೋಟೆಲಿನವರಲ್ಲವೇ, ಇದನ್ನೂ ನೋಡಿ" ಎಂದು ಇನ್ನೂರು ಮುನ್ನೂರು ವರ್ಷದ ಹಳೆಯ ಹೋಟೆಲುಗಳಿಗೂ ಕರೆದೊಯ್ಯುತ್ತಾರೆ. ತಿರುಗಿ ಬಂದವರು ಸಂಘದ ಕೋಣೆಯಲ್ಲಿ ಕುಳಿತು ವರ್ಣಿಸುವುದನ್ನು ನಾವು ಕೇಳಿದ್ದೇವೆ. ಇಲ್ಲಿ ವಾಷಿಂಗ್ಟನ್ ಊಟ ಮಾಡಿದ, ಅಲ್ಲಿ ಡಿಕನ್ಸ್ ತಂಗಿದ್ದ, ಈ ಮೇಜಿನ ಹತ್ತಿರ ಕೆನೆಡಿ ಕುಳಿತಿದ್ದ, ಹೀಗೆ. ಎಲ್ಲ ಸರಿಯೇ. ಆದರೆ ಊಟ ಮಾಡಿದ ಎಲೆಯನ್ನು ಎತ್ತಿದವರು ಯಾರು? ತಂಗಿದವನ ಹಾಸಿಗೆಯನ್ನು ಕೊಡವಿದವರು ಯಾರು? ಗೋಡೆಯ ಮೇಲಿನ ಫಲಕದಲ್ಲಿ ಅವರ ಹೆಸರು ಏಕಿಲ್ಲ? ಪ್ರವಾಸದ ಪುಸ್ತಕಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಹೋಟೆಲು ನೌಕರರಾದ ನಾವು ಕೇಳಬೇಡವೇ?

ಮೊದಲು ಆ ದೇಶದ ಹಳೆಯ ಛತ್ರಗಳ ವಿಷಯ. ಅಲ್ಲಿ ಟ್ಯಾವರ್ನ್ ಎಂದರೆ ಬರಿಯ ಹೆಂಡದಂಗಡಿ ಅಲ್ಲ. ದಾರಿಹೋಕನಿಗೆ ಊಟ, ಹಾಸಿಗೆ, ಅವನ ಕುದುರೆಗೆ ಹುಲ್ಲು, ಊರಿನವರಿಗೆ ಸುದ್ದಿ, ಕೆಲವು ಕಡೆ ನ್ಯಾಯಸ್ಥಾನ, ಎಲ್ಲವೂ ಅದೇ ಮನೆ. ಮ್ಯಾಸಚೂಸೆಟ್ಸ್‌ನಲ್ಲಿ 1656ರಲ್ಲೇ ಒಂದು ಕಾನೂನು ಬಂತು: ಯಾವ ಊರಿನಲ್ಲಿ ಇಂಥ ಛತ್ರವಿಲ್ಲವೋ ಆ ಊರಿಗೇ ದಂಡ! ಜನರಲ್ಲಿ ಬಹಳ ಮಂದಿಗೆ ಓದು ಬಾರದ್ದರಿಂದ ಬಾಗಿಲ ಮುಂದೆ ಕುದುರೆ, ಸಿಂಹ, ದ್ರಾಕ್ಷಿಗೊಂಚಲುಗಳ ಚಿತ್ರ ಬರೆದ ಹಲಗೆ ತೂಗುಹಾಕುತ್ತಿದ್ದರು. ಮಲಗುವ ವ್ಯವಸ್ಥೆಯಂತೂ ನಮ್ಮ ಖೋಲಿಗಳನ್ನು ನೆನಪಿಗೆ ತರುತ್ತದೆ. ಒಂದೇ ಹಾಸಿಗೆಯಲ್ಲಿ ಗುರುತಿಲ್ಲದ ಇಬ್ಬರು ಮೂವರು ಮಲಗಬೇಕು. 1776ರ ಸೆಪ್ಟೆಂಬರಿನಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಊರಿನ ಛತ್ರದಲ್ಲಿ ಬೆಂಜಮಿನ್ ಫ್ರಾಂಕ್ಲಿನನಿಗೂ ಮುಂದೆ ಅಧ್ಯಕ್ಷನಾದ ಜಾನ್ ಆಡಮ್ಸನಿಗೂ ಸಿಕ್ಕಿದ್ದು ಒಂದೇ ಹಾಸಿಗೆಯ ಒಂದು ಪುಟ್ಟ ಕೋಣೆ. ಕಿಟಕಿ ಮುಚ್ಚೋಣ ಎಂದ ಒಬ್ಬ, ತೆರೆದಿಡೋಣ ಎಂದ ಇನ್ನೊಬ್ಬ. ಗಾಳಿಯಿಂದ ನೆಗಡಿ ಬರುವುದಿಲ್ಲವೆಂದು ಫ್ರಾಂಕ್ಲಿನ್ ಮಾಡಿದ ಉಪನ್ಯಾಸ ಕೇಳುತ್ತ ಆಡಮ್ಸ್ ನಿದ್ದೆಹೋದನಂತೆ. ಎಂಟು ಜನ ಒಂದೇ ಮಾಳಿಗೆಯಲ್ಲಿ ಮಲಗಿ ಫ್ಯಾನಿಗಾಗಿ ಜಗಳವಾಡಿದ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಕೋಣೆಗೊಂದು ಬೀಗ, ಗಿರಾಕಿಗೊಂದು ಸಾಬೂನು, ಇವೆಲ್ಲ ಬಂದದ್ದು 1829ರಲ್ಲಿ ಬೋಸ್ಟನ್ನಿನ ಟ್ರೆಮಾಂಟ್ ಹೌಸ್ ತೆರೆದ ಮೇಲೆ. ಆ ಕಟ್ಟಡ ಈಗ ಇಲ್ಲ. ಹಾಸಿಗೆಗೊಬ್ಬ ಗಿರಾಕಿ ಎಂದಾದಾಗ ಹಾಸಿಗೆಗಳ ಸಂಖ್ಯೆ ಏರಿತು. ಅವನ್ನು ಹಾಸುವ ಕೈಗಳ ಕೆಲಸವೂ ಏರಿತು ಎಂಬುದನ್ನು ಹೇಳಲೇಬೇಕಿಲ್ಲ.

ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಫ್ರಾನ್ಸಿಸ್ ಟ್ಯಾವರ್ನ್ ಇದೆ. ಸ್ಯಾಮುಯೆಲ್ ಫ್ರಾನ್ಸಿಸ್ ಎಂಬವನು 1762ರಲ್ಲಿ ಆ ಮನೆಯನ್ನು ಕೊಂಡು ನಡೆಸಿದ. 1783ರ ಡಿಸೆಂಬರ್ 4ರಂದು ಜಾರ್ಜ್ ವಾಷಿಂಗ್ಟನ್ ಅದರ ಉದ್ದನೆಯ ಕೋಣೆಯಲ್ಲಿ ತನ್ನ ಸೇನಾಧಿಕಾರಿಗಳಿಗೆ ವಿದಾಯ ಹೇಳಿದ. ಅದು 1907ರಿಂದ ವಸ್ತುಸಂಗ್ರಹಾಲಯ. ಆ ವೇಳೆಗೆ ಕಟ್ಟಡ ಎಷ್ಟೋ ಬದಲಾಗಿತ್ತಾದ್ದರಿಂದ ಈಗ ಕಾಣುವುದರಲ್ಲಿ ಬಹುಭಾಗ ಊಹೆಯಿಂದ ಮತ್ತೆ ಕಟ್ಟಿದ್ದು. ನೋಡಹೋಗುವವರು ಅದನ್ನು ತಿಳಿದು ನೋಡಲಿ. ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನಲ್ಲಿರುವ ಗ್ಯಾಡ್ಸ್‌ಬಿ ಟ್ಯಾವರ್ನ್ ಇನ್ನೂ ಪ್ರಸಿದ್ಧ. ವಾಷಿಂಗ್ಟನ್ನನ ಹುಟ್ಟುಹಬ್ಬದ ನೃತ್ಯಕೂಟ ನಡೆದ ಅದರ ಹಜಾರದ ಮರಗೆಲಸ ಎಷ್ಟು ಚೆಂದವೆಂದರೆ, 1917ರಲ್ಲಿ ಅದನ್ನು ಕಳಚಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಕೊಂಡೊಯ್ದರು. ಆ ಹಜಾರದಲ್ಲಿ ಮೇಣದ ಬತ್ತಿ ಹಚ್ಚಿದವರು, ಅಡುಗೆಮನೆಯಲ್ಲಿ ಬೆಂದವರು, ಕುದುರೆಗಳ ಸಗಣಿ ಬಾಚಿದವರಲ್ಲಿ ಗುಲಾಮರಿದ್ದರು. 1796ರಿಂದ 1808ರವರೆಗೆ ಅದನ್ನು ನಡೆಸಿದ ಜಾನ್ ಗ್ಯಾಡ್ಸ್‌ಬಿಯೇ ಗುಲಾಮರ ಒಡೆಯ. ಈಗಿನ ಸಂಗ್ರಹಾಲಯದವರು ಅದನ್ನು ಮುಚ್ಚಿಡದೆ ಹೇಳುತ್ತಾರೆಂಬುದು ಮೆಚ್ಚತಕ್ಕ ವಿಷಯ. ಮರಗೆಲಸವನ್ನು ಮಾತ್ರ ಜೋಪಾನ ಮಾಡಿ ಮನುಷ್ಯರನ್ನು ಮರೆತ ಕಾಲವೊಂದಿತ್ತು.

ಬೋಸ್ಟನ್ನಿನ ಪಾರ್ಕರ್ ಹೌಸ್ ಹೋಟೆಲಿನ ಕಥೆ ನಮ್ಮವರಿಗೆ ಹೆಚ್ಚು ಹಿಡಿಸೀತು. ಅದನ್ನು 1855ರಲ್ಲಿ ತೆರೆದ ಹಾರ್ವೆ ಪಾರ್ಕರ್, ಕೈಯಲ್ಲಿ ಪೂರ್ತಿ ಒಂದು ಡಾಲರೂ ಇಲ್ಲದೆ ಹಳ್ಳಿಯಿಂದ ಬಂದು, ಗಾಡಿ ಹೊಡೆಯುವ ಚಾಕರಿ ಮಾಡಿ, ಸಣ್ಣ ಫಳಾರದಂಗಡಿ ಕೊಂಡು ಮೇಲೆ ಬಂದವನು. ಕರಾವಳಿಯಿಂದ ಮುಂಬಯಿಗೆ ಬಂದು ಮಾಣಿಯಾಗಿ, ಸಪ್ಲೈಯರಾಗಿ, ಕಡೆಗೆ ಗಲ್ಲಾದಲ್ಲಿ ಕುಳಿತ ನಮ್ಮ ಎಷ್ಟೋ ಧಣಿಗಳ ಕಥೆಯೇ ಇದು. (ಗಲ್ಲಾದಲ್ಲಿ ಕುಳಿತ ಮೇಲೆ ಮಾಣಿಗಳನ್ನು ಮರೆಯುವ ಭಾಗವೂ ಎರಡು ದೇಶಗಳಲ್ಲಿ ಒಂದೇ ಇದ್ದೀತು, ಅದಿರಲಿ.) ಈಗಿನ ಕಟ್ಟಡ 1927ರದು. ಅಲ್ಲಿಯ ಮೃದುವಾದ ಬನ್ನು ಆ ಹೋಟೆಲಿನ ಹೆಸರಿನಿಂದಲೇ ಅಮೆರಿಕೆಯ ಎಲ್ಲ ಮನೆಗಳಿಗೂ ಗೊತ್ತು. ಆ ಬನ್ನು ಮಾಡುವ ಬೇಕರಿಯಲ್ಲಿ, 1912ರ ಸುಮಾರಿಗೆ ವಿಯೆಟ್ನಾಮಿನಿಂದ ಬಂದ ಒಬ್ಬ ಯುವಕ ಹಿಟ್ಟು ನಾದುತ್ತಿದ್ದನೆಂದು ಹೋಟೆಲಿನವರೇ ಹೇಳುತ್ತಾರೆ. ಅವನು ಕೆಲಸಮಾಡಿದ ಅಮೃತಶಿಲೆಯ ಮೇಜನ್ನು ಇಟ್ಟುಕೊಂಡಿದ್ದಾರೆ. ಅವನೇ ಹೋ ಚಿ ಮಿನ್. ಮುಂದೆ ಫ್ರೆಂಚರನ್ನೂ ಅಮೆರಿಕೆಯನ್ನೂ ಎದುರಿಸಿದ ನಾಯಕ. 1940ರ ದಶಕದ ಮೊದಲ ವರ್ಷಗಳಲ್ಲಿ ಅದೇ ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನಾಗಿದ್ದವನು ಮಾಲ್ಕಮ್ ಲಿಟ್ಲ್; ಕಪ್ಪು ಜನರ ಹಕ್ಕಿಗಾಗಿ ಗುಡುಗಿದ ಮಾಲ್ಕಮ್ ಎಕ್ಸ್ ಎಂದು ಲೋಕ ಅವನನ್ನು ಬಲ್ಲದು. ತಟ್ಟೆ ಎತ್ತುವವನ ತಲೆಯಲ್ಲಿ ಏನು ನಡೆದಿದೆ ಎಂಬುದು ಊಟಕ್ಕೆ ಕುಳಿತವನಿಗೆ ಯಾವತ್ತು ತಿಳಿದಿದೆ? ಆದರೆ ಒಂದು ಮಾತು. ಈ ಇಬ್ಬರ ಹೆಸರನ್ನು ಹೋಟೆಲಿನವರು ಹೇಳಿಕೊಳ್ಳುವುದು ಅವರು ದೊಡ್ಡವರಾದರೆಂದು. ದೊಡ್ಡವರಾಗದೆ, ಮೂವತ್ತು ವರ್ಷ ಹಿಟ್ಟನ್ನೇ ನಾದಿ ಸತ್ತವರಿಗೆ ಮೇಜೂ ಇಲ್ಲ, ಫಲಕವೂ ಇಲ್ಲ.

ಹೋಟೆಲೆಂದರೆ ಎಲ್ಲರಿಗೂ ತೆರೆದ ಬಾಗಿಲು ಎಂದು ನಾವು ತಿಳಿದಿದ್ದೇವೆ. ಅಮೆರಿಕೆಯಲ್ಲಿ ಬಹುಕಾಲ ಹಾಗಿರಲಿಲ್ಲ. ಕಪ್ಪು ಜನರು ಹೋಟೆಲಿನ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗಬಹುದಿತ್ತು, ಮುಂಬಾಗಿಲಿನಿಂದ ಊಟಕ್ಕೆ ಹೋಗುವಂತಿರಲಿಲ್ಲ. ಅದಕ್ಕೆಂದೇ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ವಿಕ್ಟರ್ ಗ್ರೀನ್ ಎಂಬ ಅಂಚೆಯಾಳು, ತಮ್ಮವರನ್ನು ಒಳಗೆ ಬಿಡುವ ಹೋಟೆಲುಗಳ ಪಟ್ಟಿಯನ್ನು 1936ರಿಂದ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಅವನು ತೀರಿಹೋದ ಮೇಲೂ 1960ರ ದಶಕದ ನಡುವಿನವರೆಗೆ ಅದು ಬರುತ್ತಿತ್ತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಾಗ ಅಟ್ಲಾಂಟಾ ನಗರದ 216 ಕೋಣೆಗಳ ಒಂದು ಮೋಟೆಲಿನ ಧಣಿ, ನನ್ನ ಬಾಗಿಲು ನನ್ನದು ಎಂದು ಕೋರ್ಟು ಹತ್ತಿದ. ಅದೇ ವರ್ಷ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ಜಾತಿ ಕೇಳಿ ಬೇರೆ ಲೋಟದಲ್ಲಿ ಕಾಫಿ ಕೊಟ್ಟ ಹೋಟೆಲುಗಳ ಊರುಗಳಿಂದ ಬಂದ ನಮಗೆ ಇದು ದೂರದ ಕಥೆಯಲ್ಲ.

ಆ ಗ್ರೀನನ ಪಟ್ಟಿಯಲ್ಲಿದ್ದ ಒಂದು ಮನೆ ಮೆಂಫಿಸ್ ನಗರದ ಲೊರೇನ್ ಮೋಟೆಲ್. 1968ರ ಫೆಬ್ರವರಿಯಲ್ಲಿ ಆ ನಗರದ ಸುಮಾರು 1,300 ಮಂದಿ ಕಸ ಎತ್ತುವ ಕಾರ್ಮಿಕರು ಮುಷ್ಕರ ಹೂಡಿದರು. "ನಾನೂ ಮನುಷ್ಯ" ಎಂಬ ಅರ್ಥದ ಫಲಕವನ್ನು ಎದೆಯ ಮೇಲೆ ಹಿಡಿದು ಬೀದಿಯಲ್ಲಿ ನಡೆದರು. ಅವರಿಗೆ ಬೆಂಬಲ ಕೊಡಲು ಬಂದು ಲೊರೇನಿನಲ್ಲಿ ಇಳಿದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದರ ಮಾಳಿಗೆಯ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದರು. 1991ರಿಂದ ಅದು ನಾಗರಿಕ ಹಕ್ಕುಗಳ ಸಂಗ್ರಹಾಲಯ. ಹೋದವರು ತಪ್ಪದೆ ನೋಡಬೇಕಾದ ಸ್ಥಳ. ಆದರೆ ಅದನ್ನು ಸಂಗ್ರಹಾಲಯ ಮಾಡುವ ಸಲುವಾಗಿ 1988ರಲ್ಲಿ, ಆ ಮೋಟೆಲಿನಲ್ಲೇ ಕೆಲಸ ಮಾಡಿ ಅಲ್ಲೇ ವಾಸಿಸುತ್ತಿದ್ದ ಒಬ್ಬ ಹೆಂಗಸನ್ನು ಅಧಿಕಾರಿಗಳು ಹೊರಗೆ ಹಾಕಿದರು. ಆಕೆ ಎದುರಿನ ರಸ್ತೆಬದಿಯಲ್ಲಿ ಕುಳಿತು ದಶಕಗಟ್ಟಲೆ ಪ್ರತಿಭಟನೆ ನಡೆಸಿದಳು. ಈ ಹಣವನ್ನು ಬಡವರ ವಸತಿಗೆ ಬಳಸಬಾರದೇ, ಕಿಂಗ್ ಬಯಸಿದ್ದು ಅದನ್ನೇ ಅಲ್ಲವೇ, ಎಂಬುದು ಆಕೆಯ ಪ್ರಶ್ನೆ. ಸಂಗ್ರಹಾಲಯ ಬೇಡವೆನ್ನುವವರು ನಾವಲ್ಲ. ಆದರೂ ಒಳಗಿನ ಇತಿಹಾಸ ನೋಡಿ ಹೊರಬಂದವರು ಆ ರಸ್ತೆಬದಿಯನ್ನೂ ಒಂದು ನಿಮಿಷ ನೋಡಬೇಕೆಂದು ನಮ್ಮ ಮಾತು. ಚಾಳು ಒಡೆದು ಮೇಲೆ ಮೇಲೆ ಕಟ್ಟುವ ನಗರದಲ್ಲಿರುವ ನಮಗೆ ಆಕೆಯ ಪ್ರಶ್ನೆ ಅರ್ಥವಾಗುತ್ತದೆ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಹೋಟೆಲಿಗೆ ಬರೋಣ. ಅದು ಯಾವ ಪ್ರವಾಸಿಯ ಪಟ್ಟಿಯಲ್ಲೂ ಮೊದಲು ಬರುವುದಲ್ಲ. ಪಶ್ಚಿಮದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಸೇಬಿನ ತೋಟಗಳ ನಡುವೆ ವೆನಾಚಿ ಎಂಬ ಊರು. ಅಲ್ಲಿ 1929ರಲ್ಲಿ ಕ್ಯಾಸ್ಕೇಡಿಯನ್ ಎಂಬ ಹೋಟೆಲು ತೆರೆಯಿತು. ಎಲ್ಸಿ ಪ್ಯಾರಿಶ್ ಎಂಬಾಕೆ 1933ರಿಂದ ಅಲ್ಲಿ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಕಕ್ಕಸು ತೊಳೆಯುವ ಕೆಲಸಕ್ಕಿದ್ದಳು. ಗಂಟೆಗೆ 22 ಸೆಂಟು, ಮುಂದೆ 25. ಹೆಂಗಸರಿಗೆ ಕನಿಷ್ಠ ವೇತನ ಕೊಡಬೇಕೆಂದು ಆ ಸಂಸ್ಥಾನದಲ್ಲಿ 1913ರಿಂದಲೇ ಕಾಯಿದೆ ಇತ್ತು. 48 ಗಂಟೆಯ ವಾರಕ್ಕೆ 14 ಡಾಲರು 50 ಸೆಂಟು ಸಲ್ಲಬೇಕು. ಸಲ್ಲುತ್ತಿರಲಿಲ್ಲ. 1935ರಲ್ಲಿ ಕೆಲಸ ಬಿಡಿಸಿದಾಗ ಎಲ್ಸಿ ಬಾಕಿ ಕೇಳಿದಳು. ಹೋಟೆಲಿನವರು 17 ಡಾಲರು ಕೊಟ್ಟು ಮುಗಿಸಲು ನೋಡಿದರು. ಆಕೆ ಒಪ್ಪಲಿಲ್ಲ, ತನ್ನ ಲೆಕ್ಕದ 216 ಡಾಲರು 19 ಸೆಂಟಿಗೆ ದಾವೆ ಹಾಕಿದಳು.

ಆ ಕಾಲದಲ್ಲಿ ಇದು ಗೆಲ್ಲುವ ದಾವೆಯಾಗಿರಲಿಲ್ಲ. 1923ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು, ಕನಿಷ್ಠ ವೇತನದ ಕಾಯಿದೆ ಸಂವಿಧಾನಕ್ಕೆ ವಿರುದ್ಧ ಎಂದಿತ್ತು. ಕೂಲಿಯವಳಿಗೂ ಧಣಿಗೂ ತಮ್ಮ ತಮ್ಮಲ್ಲಿ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ, ಸರಕಾರ ನಡುವೆ ಬರಬಾರದು ಎಂಬ ವಾದ. ಹಸಿದವಳ ಸ್ವಾತಂತ್ರ್ಯ! 1936ರಲ್ಲಿಯೂ ನ್ಯೂಯಾರ್ಕಿನ ಕಾಯಿದೆಯನ್ನು ಅದೇ ವಾದದಿಂದ ಹೊಡೆದುಹಾಕಿದರು. ಕೆಳಗಿನ ಕೋರ್ಟಿನಲ್ಲಿ ಎಲ್ಸಿ ಸೋತಳು, ಸಂಸ್ಥಾನದ ಮೇಲಿನ ಕೋರ್ಟಿನಲ್ಲಿ ಗೆದ್ದಳು, ಹೋಟೆಲಿನವರು ಸುಪ್ರೀಂ ಕೋರ್ಟಿಗೆ ಹೋದರು. 1937ರ ಮಾರ್ಚ್ 29ರಂದು ಐವರು ಆಕೆಯ ಪರ, ನಾಲ್ವರು ವಿರುದ್ಧ. 1923ರ ತೀರ್ಪು ಬಿದ್ದುಹೋಯಿತು. ಮರುವರ್ಷವೇ ಇಡೀ ದೇಶಕ್ಕೆ ಗಂಟೆಗೆ 25 ಸೆಂಟಿನ ಕನಿಷ್ಠ ವೇತನದ ಕಾಯಿದೆ ಬಂತು. ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯಿದೆ ಬಂದದ್ದು 1948ರಲ್ಲಿ ಎಂಬುದನ್ನು ಜೊತೆಗಿಟ್ಟು ನೋಡಿ.

ಕಹಿಯಾದ ಒಂದು ಸಂಗತಿಯೂ ಇದೆ. 1938ರ ಆ ಕಾಯಿದೆಯಿಂದ ಬಹುಮಟ್ಟಿಗೆ ಹೊರಗುಳಿದವರು ಯಾರು? ಹೋಟೆಲು ನೌಕರರೇ! ಹೋಟೆಲಿನ ಹೆಂಗಸು ಬಾಗಿಲು ತೆರೆಸಿದಳು, ಬೇರೆಯವರು ಒಳಗೆ ಹೋದರು. ಹೋಟೆಲಿನವರನ್ನು ಸೇರಿಸಿಕೊಂಡದ್ದು 1966ರ ತಿದ್ದುಪಡಿಯಲ್ಲಿ, ಅದೂ ಟಿಪ್ಸನ್ನು ಪಗಾರದ ಲೆಕ್ಕಕ್ಕೆ ಹಿಡಿಯಬಹುದೆಂಬ ಕೊಕ್ಕೆಯೊಡನೆ. ಅದರ ಫಲವಾಗಿ ಟಿಪ್ಸು ಪಡೆಯುವ ನೌಕರನಿಗೆ ಧಣಿ ಕೈಯಿಂದ ಕೊಡಬೇಕಾದ ಕೇಂದ್ರ ದರ ಗಂಟೆಗೆ 2 ಡಾಲರು 13 ಸೆಂಟಿಗೆ 1991ರಲ್ಲಿ ನಿಂತದ್ದು ಮುಂದೆ ದಶಕಗಳವರೆಗೆ ಏರಲಿಲ್ಲ. ಎಷ್ಟೋ ಸಂಸ್ಥಾನಗಳು ತಾವಾಗಿ ಹೆಚ್ಚು ಗೊತ್ತುಮಾಡಿವೆ; ಎಲ್ಸಿಯ ಸಂಸ್ಥಾನದಲ್ಲಂತೂ ಟಿಪ್ಸನ್ನು ಪಗಾರದಲ್ಲಿ ಮುರಿದುಕೊಳ್ಳುವಂತೆಯೇ ಇಲ್ಲ. ನಾವು ಹಿಂದೆ ದುಡಿದ ಒಂದು ಹೋಟೆಲಿನಲ್ಲಿ ಟೇಬಲಿನ ಮೇಲೆ ಗಿರಾಕಿ ಬಿಟ್ಟ ಹತ್ತು ರೂಪಾಯಿಯೂ ಗಲ್ಲಾಕ್ಕೇ ಸೇರುತ್ತಿತ್ತು. ಕೇಳಿದರೆ "ಊಟ ಹಾಕುತ್ತಿಲ್ಲವೇನೋ" ಎನ್ನುತ್ತಿದ್ದರು. ಆದ್ದರಿಂದ ಈ ಲೆಕ್ಕ ನಮಗೆ ಚೆನ್ನಾಗಿ ಗೊತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಎರಡು ಹಳೆಯ ಹೋಟೆಲುಗಳನ್ನು ಹೇಳಿ ಮುಗಿಸುತ್ತೇವೆ. ಒಂದು 1904ರ ಸೇಂಟ್ ಫ್ರಾನ್ಸಿಸ್. ಹೆಂಗಸರ ಬಿಳಿಯ ಕೈಗವಸುಗಳಿಗೆ ಕೊಳೆ ತಾಗಬಾರದೆಂದು 1938ರಿಂದ ಅಲ್ಲಿ ಗಲ್ಲಾದ ಚಿಲ್ಲರೆಯನ್ನೆಲ್ಲ ತೊಳೆದು ಹೊಳೆಯಿಸಿ ಕೊಡುತ್ತಿದ್ದರು. ದುಡ್ಡು ತೊಳೆಯುವುದೇ ಒಬ್ಬನ ಪೂರ್ತಿ ಉದ್ಯೋಗ! ಇನ್ನೊಂದು ಪ್ಯಾಲೇಸ್ ಹೋಟೆಲು: 1875ರಲ್ಲಿ ತೆರೆದು, 1906ರ ಭೂಕಂಪದ ಬೆಂಕಿಯಲ್ಲಿ ಸುಟ್ಟು, 1909ರಲ್ಲಿ ಮತ್ತೆ ಎದ್ದದ್ದು. ಗಾಜಿನ ಚಾವಣಿಯ ಅದರ ಊಟದ ಹಜಾರವನ್ನು ನೋಡಲು ಜನ ಬರುತ್ತಾರೆ. 1964ರ ಮಾರ್ಚಿನಲ್ಲಿ ನೂರಾರು ತರುಣರು ಅದೇ ಹೋಟೆಲಿನೊಳಗೆ ಧರಣಿ ಕುಳಿತರು, ಬಹಳ ಮಂದಿ ಸೆರೆಯಾದರು. ಕಪ್ಪು ಜನರಿಗೂ ಎಲ್ಲ ಬಗೆಯ ಕೆಲಸ ಕೊಡುತ್ತೇವೆಂದು ನಗರದ ಹೋಟೆಲು ಧಣಿಗಳ ಸಂಘ ಒಪ್ಪಂದಕ್ಕೆ ಬರಬೇಕಾಯಿತು. 2018ರಲ್ಲಿ ಇದೇ ಪ್ಯಾಲೇಸಿನ ಮತ್ತು ಸೇಂಟ್ ಫ್ರಾನ್ಸಿಸಿನ ನೌಕರರು ಉಳಿದ ಹೋಟೆಲುಗಳವರೊಡನೆ ಸೇರಿ ಎರಡು ತಿಂಗಳ ಕಾಲ ಮುಷ್ಕರ ಮಾಡಿದರು. ಹೊಟ್ಟೆ ಹೊರೆಯಲು ಒಂದು ಕೆಲಸವೇ ಸಾಕಾಗಬೇಕು ಎಂಬುದು ಅವರ ಘೋಷಣೆ. ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ದುಡಿಯುವ ನಮ್ಮ ಹುಡುಗರಿಗೆ ಇದನ್ನು ಯಾರೂ ಭಾಷಾಂತರಿಸಿ ಹೇಳಬೇಕಿಲ್ಲ.

ಈ ಮಳೆಗಾಲದ ಮುಂಚೆ ನಮ್ಮ ಸದಸ್ಯರಲ್ಲಿ ಇನ್ನೂ ಕೆಲವರು ಮಕ್ಕಳ ಬಳಿಗೆ ಹೊರಡುವವರಿದ್ದಾರೆ. ಸಿಯಾಟಲಿಗೆ ಹೋಗುವವರು ಲಕ್ಷ್ಯವಿಟ್ಟು ಕೇಳಿ: ಅಲ್ಲಿಂದ ವೆನಾಚಿಗೆ ಬೆಟ್ಟ ದಾಟಿ ಸುಮಾರು 150 ಮೈಲಿ, ಮಗನ ಕಾರಿನಲ್ಲಿ ಮೂರು ಗಂಟೆಯ ದಾರಿ. ಕ್ಯಾಸ್ಕೇಡಿಯನ್ ಈಗ ಹೋಟೆಲಾಗಿ ಉಳಿದಿಲ್ಲ, ಜನ ಬಾಡಿಗೆಗೆ ವಾಸಿಸುತ್ತಾರೆ. ಕಟ್ಟಡ ಮಾತ್ರ ನಿಂತಿದೆ. ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿ ಸಂಘದ ವಿಳಾಸಕ್ಕೆ ಕಳಿಸಿ. ಮೊದಲ ಪುಟದಲ್ಲೇ ಹಾಕುತ್ತೇವೆ.